ತಳ್ಳಿಕೊಂಡು ಬಂದ ಕಾರು

ಕೇಳುಗರೆಲ್ಲರಿಗೂ ನಮಸ್ಕಾರ.

1912ರ ಮೇ 30. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಯ ಕಾರ್ ರೇಸ್. ಒಟ್ಟು 200 ಸುತ್ತು. ಮೂರನೇ ಸುತ್ತಿಗೇ ಒಂದು ಮರ್ಸಿಡಿಸ್ ಕಾರು ಎಲ್ಲರನ್ನೂ ಹಿಂದೆ ಹಾಕಿತು. ಆಮೇಲೆ ಯಾರ ಕೈಗೂ ಸಿಗಲಿಲ್ಲ. ಅದನ್ನು ಓಡಿಸುತ್ತಿದ್ದವರು ರಾಲ್ಫ್ ಡಿಪಾಲ್ಮಾ. ಇಟಲಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು. ಮೊದಲು ಸೈಕಲ್ ರೇಸ್ ಮಾಡುತ್ತಿದ್ದರು.

ಇನ್ನೇನು ಗೆದ್ದೇಬಿಟ್ಟರು ಅನ್ನುವಾಗ ಎಂಜಿನ್ ಸದ್ದು ಕೆಟ್ಟಿತು. ಕನೆಕ್ಟಿಂಗ್ ರಾಡ್ ಮುರಿದಿತ್ತು. ಎಂಜಿನ್ನಿನೊಳಗೆ ಹಿಂದೆ ಮುಂದೆ ಆಡುವ ಪಿಸ್ಟನ್ನಿನ ಬಲವನ್ನು, ತಿರುಗುವ ಕ್ರ್ಯಾಂಕಿಗೆ ಮುಟ್ಟಿಸುವ ಉಕ್ಕಿನ ತೋಳು ಅದು. ಮುರಿದ ರಾಡು ಎಂಜಿನ್ನಿನ ಹೊಟ್ಟೆಯನ್ನೇ ತೂತು ಮಾಡಿತು. ಕಾರು ತೆವಳಿತು, ಕೊನೆಗೆ ನಿಂತೇ ಹೋಯಿತು.

ಆ ಕಾಲದಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ಕೂ ಕೂರುತ್ತಿದ್ದ. ಅವತ್ತು ಜೊತೆಗಿದ್ದವರು ರೂಪರ್ಟ್ ಜೆಫ್ಕಿನ್ಸ್. ಇಬ್ಬರೂ ಕೆಳಗಿಳಿದರು. ಆ ಭಾರದ ಕಾರನ್ನು ತಳ್ಳತೊಡಗಿದರು. ಪಕ್ಕದಲ್ಲಿ ಜೋ ಡಾಸನ್ ಅವರ ಕಾರು ಭರ್ರನೆ ದಾಟಿ ಹೋಯಿತು. ಡಾಸನ್ ಗೆದ್ದರು. ಅವರು ಮುಂದಿದ್ದದ್ದು ಕೊನೆಯ 2 ಸುತ್ತು ಮಾತ್ರ. ಡಿಪಾಲ್ಮಾ ಮುಂದಿದ್ದದ್ದು 196 ಸುತ್ತು! ಆದರೂ ಇಬ್ಬರೂ ತಳ್ಳುವುದನ್ನು ಬಿಡಲಿಲ್ಲ. ಜನ ಎದ್ದು ನಿಂತು ಕೂಗಿದರು. ನನಗಂತೂ ಡಿಪಾಲ್ಮಾ ಅಂದರೆ ಆ ಬೆನ್ನು ಬಗ್ಗಿಸಿ ತಳ್ಳುವ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ.

ಹಾಗಂತ ಸುಮ್ನೆ ಪಾಪದ ಮನುಷ್ಯ ಅಂದುಕೊಳ್ಳಬೇಡಿ. 1914ರಲ್ಲಿ ಸಾಂಟಾ ಮೋನಿಕಾದ ವ್ಯಾಂಡರ್‌ಬಿಲ್ಟ್ ಕಪ್ ರೇಸ್‌ನಲ್ಲಿ ಎದುರಾಳಿ ಬಾರ್ನಿ ಓಲ್ಡ್‌ಫೀಲ್ಡ್. ಡಿಪಾಲ್ಮಾ ತಮ್ಮ ಕಡೆಯವರಿಗೆ 'ಮುಂದಿನ ಸುತ್ತಿಗೆ ನಿಲ್ಲಿಸುತ್ತೇನೆ' ಅಂತ ಕೈಸನ್ನೆ ಮಾಡಿದರು. ಓಲ್ಡ್‌ಫೀಲ್ಡ್ ಅದನ್ನು ನೋಡಿ, ತಮಗೂ ಸಮಯವಿದೆ ಅಂದುಕೊಂಡು ಟೈರ್ ಬದಲಿಸಲು ನಿಂತರು. ಡಿಪಾಲ್ಮಾ ನಿಲ್ಲಲೇ ಇಲ್ಲ. ಗೆದ್ದರು.

1915ರಲ್ಲಿ ಮತ್ತೆ ಇಂಡಿಯಾನಾಪೊಲಿಸ್, ಮತ್ತೆ ಮರ್ಸಿಡಿಸ್. ಮತ್ತೆ ಅವರೇ ಮುಂದೆ. ಇನ್ನು ಮೂರೇ ಸುತ್ತು ಇರುವಾಗ ಮತ್ತೆ ಕನೆಕ್ಟಿಂಗ್ ರಾಡ್ ಮುರಿಯಿತು! ಎದೆ ಒಡೆದುಹೋಗಬೇಕು, ಅಲ್ವಾ? ಈ ಸಲ ಎಂಜಿನ್ ಮಾತ್ರ ಕೈಬಿಡಲಿಲ್ಲ. ಕುಂಟುತ್ತಲೇ ಗೆರೆ ದಾಟಿಸಿತು. ಡಿಪಾಲ್ಮಾ ಗೆದ್ದರು.

1919ರಲ್ಲಿ ಡೇಟೋನಾದ ಕಡಲತೀರದಲ್ಲಿ ಪ್ಯಾಕಾರ್ಡ್ ಕಾರನ್ನು ಗಂಟೆಗೆ 149.875 ಮೈಲಿ ಓಡಿಸಿದರು. ಇಂಡಿಯಾನಾಪೊಲಿಸ್‌ನಲ್ಲಿ ಎಲ್ಲ ವರ್ಷ ಸೇರಿ 612 ಸುತ್ತು ಮುಂದಿದ್ದವರು ಅವರು. ಈ ಸುತ್ತುಗಳ ದಾಖಲೆ ಮುರಿಯಲು 1987 ಬರಬೇಕಾಯಿತು. ಆದರೆ ಅಲ್ಲಿ ಗೆದ್ದದ್ದು 1915ರ ಆ ಒಂದೇ ಸಲ.

ಪೀಟರ್ ಡಿಪಾವೊಲೊ ಅನ್ನುವ ಸೋದರಳಿಯ ಅವರ ಪಕ್ಕದಲ್ಲೇ ಮೆಕ್ಯಾನಿಕ್ಕಾಗಿ ಕೂತು ಕಲಿತವರು. 1925ರಲ್ಲಿ ಅದೇ ಇಂಡಿಯಾನಾಪೊಲಿಸ್‌ನ ರೇಸನ್ನು ಅವರು ಗೆದ್ದರು. ಅಲ್ಲಿ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು.

ನಮಸ್ಕಾರ.