ಇನ್ಹೇಲರ್ ಕಲಿಸುವವರ ಕಲಿಕೆ

ಮಾನ್ಯ ವೈದ್ಯರೆ, ಶುಶ್ರೂಷಕಿಯರೆ, ಫಾರ್ಮಸಿಸ್ಟ್ ಮಿತ್ರರೆ,

ಅಸ್ತಮಾ ಅಥವಾ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಇನ್ಹೇಲರ್ ಬರೆದುಕೊಡಲು ಅರ್ಧ ನಿಮಿಷ ಸಾಕು. ಅದನ್ನು ಬಳಸುವುದು ಹೇಗೆಂದು ಕಲಿಸುವ ಹೊಣೆ ಮಾತ್ರ ಒಬ್ಬರಿಂದ ಒಬ್ಬರಿಗೆ ಜಾರುತ್ತಾ ಹೋಗುತ್ತದೆ. ನರ್ಸ್ ಹೇಳಿಕೊಡುತ್ತಾರೆಂದು ವೈದ್ಯರೂ, ಔಷಧದ ಅಂಗಡಿಯಲ್ಲಿ ಹೇಳುತ್ತಾರೆಂದು ನರ್ಸ್ ಕೂಡ ಭಾವಿಸಿರುತ್ತಾರೆ. ಅಂಗಡಿಯವರು ಡಬ್ಬಿಯೊಳಗಿನ ಚೀಟಿಯತ್ತ ಬೆರಳು ತೋರಿಸುತ್ತಾರೆ.

ಒತ್ತಿದರೆ ಔಷಧ ಚಿಮ್ಮುವ ಇನ್ಹೇಲರ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಅಮೆರಿಕದಲ್ಲಿ. 1975ರಿಂದ 2014ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಸರಿಯಾಗಿ ಬಳಸುತ್ತಿದ್ದ ರೋಗಿಗಳು ಶೇಕಡಾ 31ರಷ್ಟು ಮಾತ್ರ, ಮತ್ತು ಈ ನಾಲ್ಕು ದಶಕಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆಯೂ ಆಗಿಲ್ಲ. ಇದನ್ನು ರೋಗಿಗಳ ಅಜಾಗರೂಕತೆ ಎಂದು ತಳ್ಳಿಹಾಕಲಾಗದು; ಆರೋಗ್ಯ ಸಿಬ್ಬಂದಿಯ ಕೈಗೇ ಇನ್ಹೇಲರ್ ಕೊಟ್ಟು ಪರೀಕ್ಷಿಸಿದ ಅಧ್ಯಯನಗಳಲ್ಲೂ ಬಹುಪಾಲು ಜನ ಒಂದಲ್ಲ ಒಂದು ಹಂತದಲ್ಲಿ ತಪ್ಪಿದ್ದಾರೆ. ತಾನೇ ಸರಿಯಾಗಿ ಮಾಡಿ ತೋರಿಸಲಾಗದವರು ಇನ್ನೊಬ್ಬರ ತಪ್ಪನ್ನು ಗುರುತಿಸುವುದಾದರೂ ಹೇಗೆ?

ನಮ್ಮಲ್ಲಿ ಗೊಂದಲ ಹೆಚ್ಚಾಗಿ ಹುಟ್ಟುವುದು ಉಸಿರಿನ ವೇಗದಲ್ಲಿ. ಒತ್ತುವ ಇನ್ಹೇಲರನ್ನು ಚೆನ್ನಾಗಿ ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಮೌತ್‌ಪೀಸಿನ ಸುತ್ತ ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಉಸಿರೆಳೆಯಲು ಆರಂಭಿಸುತ್ತಿದ್ದಂತೆಯೇ ಒತ್ತಿ, ನಾಲ್ಕೈದು ಸೆಕೆಂಡುಗಳ ಕಾಲ ನಿಧಾನವಾಗಿ ಎಳೆದುಕೊಂಡು, ಸಾಧ್ಯವಾದರೆ ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ರೋಟಾಹೇಲರಿನಂಥ ಪುಡಿಯ ಸಾಧನದಲ್ಲಿ ಒತ್ತಡದ ಅನಿಲವಿಲ್ಲ. ಪುಡಿಯನ್ನು ಚದುರಿಸುವ ಬಲ ರೋಗಿಯ ಉಸಿರಿನಿಂದಲೇ ಬರಬೇಕಾದ್ದರಿಂದ ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಎರಡಕ್ಕೂ "ಜೋರಾಗಿ ಎಳ್ಕೊಳ್ಳಿ ಅಜ್ಜ" ಎಂದು ಒಂದೇ ಮಾತು ಹೇಳುವುದು ವಾರ್ಡುಗಳಲ್ಲಿ ರೂಢಿಯಾಗಿಬಿಟ್ಟಿದೆ; ಒತ್ತುವ ಇನ್ಹೇಲರಿನಲ್ಲಿ ಹಾಗೆ ಎಳೆದರೆ ಔಷಧದ ಬಹುಪಾಲು ಗಂಟಲಿಗೇ ಬಡಿದು ಅಲ್ಲೇ ಉಳಿಯುತ್ತದೆ.

ಆದ್ದರಿಂದ ತರಬೇತಿಯೆಂದರೆ ಸ್ಲೈಡುಗಳ ಪ್ರದರ್ಶನವಾಗಬಾರದು. ಔಷಧವಿಲ್ಲದ ಮಾದರಿ ಸಾಧನವನ್ನು ಪ್ರತಿಯೊಬ್ಬರ ಕೈಗೂ ಕೊಟ್ಟು, ಒಬ್ಬರು ಬಳಸುವಾಗ ಇನ್ನೊಬ್ಬರು ಹಂತಗಳ ಪಟ್ಟಿ ಹಿಡಿದು ಗಮನಿಸಬೇಕು. ಹಿರಿಯ ವೈದ್ಯರಿಗೂ ಇದರಲ್ಲಿ ವಿನಾಯಿತಿ ಇರಕೂಡದು, ಮುಜುಗರವಾದರೂ ಚಿಂತೆಯಿಲ್ಲ. ನೋಡುವ ಕಣ್ಣನ್ನು ಪಳಗಿಸುವುದೇ ಇಲ್ಲಿ ನಿಜವಾದ ಪಾಠ. ಒತ್ತಿದೊಡನೆ ಬಾಯಂಚಿನಿಂದ ಬಿಳಿ ಹೊಗೆಯಂತೆ ಔಷಧ ಹೊರಬಂದರೆ ತುಟಿ ಸಡಿಲವಿದೆ ಅಥವಾ ಉಸಿರು ತಡವಾಗಿದೆ ಎಂದರ್ಥ; ಅಂಥವರಿಗೆ ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಔಷಧವನ್ನು ಹಿಡಿದಿಡುವ ಕೊಳವೆ) ಜೋಡಿಸಿಕೊಟ್ಟರೆ ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ಹೊಂದಿಸುವ ಕಷ್ಟ ಬಹಳ ಕಡಿಮೆಯಾಗುತ್ತದೆ. ರೋಟಾಹೇಲರ್ ತೆರೆದಾಗ ಕ್ಯಾಪ್ಸೂಲಿನ ಚಿಪ್ಪಿನಲ್ಲಿ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಸಬೇಕು. ಆ ಕ್ಯಾಪ್ಸೂಲನ್ನು ಮಾತ್ರೆಯೆಂದು ನೀರಿನೊಂದಿಗೆ ನುಂಗುವವರೂ ಇದ್ದಾರೆಂಬುದು ನಿಮಗೆಲ್ಲ ತಿಳಿದದ್ದೇ.

ರೋಗಿಯ ಮುಂದೆ ಕುಳಿತಾಗ "ಗೊತ್ತಾಯ್ತಾ?" ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಬಹುತೇಕ ಎಲ್ಲರೂ ತಲೆಯಾಡಿಸುತ್ತಾರೆ. "ನೀವು ಮನೆಯಲ್ಲಿ ಹೇಗೆ ತಗೋತೀರಿ, ಒಮ್ಮೆ ತೋರಿಸಿ" ಎನ್ನಬೇಕು; ತಪ್ಪಿದ ಹಂತವನ್ನಷ್ಟೇ ತಿದ್ದಿ, ಮತ್ತೆ ಮಾಡಿಸಬೇಕು. ಸ್ಟೀರಾಯ್ಡ್ ಇರುವ ಔಷಧವಾದರೆ ಬಾಯಿ ಮುಕ್ಕಳಿಸಿ ಉಗುಳುವುದನ್ನೂ ಅಲ್ಲೇ ಮಾಡಿಸುವುದು ಒಳ್ಳೆಯದು, ಇಲ್ಲವಾದರೆ ಬಾಯಲ್ಲಿ ಶಿಲೀಂಧ್ರದ ಸೋಂಕು ಕಾಣಿಸಿಕೊಂಡು, ಅದೇ ಕಾರಣಕ್ಕೆ ಅವರು ಇನ್ಹೇಲರನ್ನೇ ಬಿಟ್ಟುಬಿಡಬಹುದು. ಒಮ್ಮೆ ಕಲಿತದ್ದು ಕೆಲವೇ ವಾರಗಳಲ್ಲಿ ಮಸುಕಾಗುವುದರಿಂದ, ಪ್ರತಿ ಭೇಟಿಗೂ ಇನ್ಹೇಲರನ್ನು ಜೊತೆಗೇ ತರಲು ಹೇಳಿ, ಡೋಸ್ ಹೆಚ್ಚಿಸುವ ಮೊದಲು ಬಳಸುವ ಕ್ರಮವನ್ನು ನೋಡಿ, ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆದಿಡಬೇಕು.

ಈಗ ಅಭ್ಯಾಸಕ್ಕೆ ಇಬ್ಬಿಬ್ಬರಾಗಿ ಕುಳಿತುಕೊಳ್ಳಿ. ಮಾದರಿ ಸಾಧನಗಳ ಮೌತ್‌ಪೀಸನ್ನು ಒಬ್ಬರದನ್ನು ಮತ್ತೊಬ್ಬರು ಬಳಸುವಂತಿಲ್ಲ. ಪ್ರತಿಯೊಬ್ಬರಿಗೂ ಬೇರೆಬೇರೆಯದನ್ನೇ ಇಟ್ಟಿದ್ದೇವೆ.