ಒಂದೇ ಫೈಲ್, ಹತ್ತಾರು ಪ್ಯಾಕೇಜ್: ಬರೆಯುವ ಹಕ್ಕು ಯಾರದ್ದು?

[ಸ್ಕ್ರೀನ್: ಟರ್ಮಿನಲ್. ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದೆ.]

ನಮಸ್ಕಾರ. ಡೆಬಿಯನ್ ಅಥವಾ ಉಬುಂಟು (ಎರಡೂ ಲಿನಕ್ಸ್) ಸರ್ವರ್ ನೋಡಿಕೊಳ್ಳುವವರಿಗೆ ಇದು ಹೊಸತೇನಲ್ಲ. ಅಪ್‌ಗ್ರೇಡ್ ನಡುವೆ ಡಿಪಿಕೆಜಿ, ಅಂದರೆ ಪ್ಯಾಕೇಜ್‌ಗಳನ್ನು (ಸಾಫ್ಟ್‌ವೇರ್ ಕಟ್ಟುಗಳನ್ನು) ಹಾಕುವ ಪ್ರೋಗ್ರಾಂ, ನಿಂತು ಕೇಳುತ್ತದೆ: ಈ ಕಾನ್ಫಿಗರೇಶನ್ ಫೈಲ್ ಬದಲಾಗಿದೆ, ನೀವು ಬದಲಿಸಿರಬಹುದು ಇಲ್ಲವೇ ಯಾವುದೋ ಸ್ಕ್ರಿಪ್ಟ್ ಬದಲಿಸಿರಬಹುದು, ಈಗೇನು ಮಾಡಲಿ? ನಾವು ಅದನ್ನು ಮುಟ್ಟೇ ಇಲ್ಲ, ಅಲ್ವಾ? ಹಾಗಾದರೆ ಮುಟ್ಟಿದ್ದು ಯಾರು?

ಡಿಪಿಕೆಜಿ ತನ್ನ ಸುಪರ್ದಿಯಲ್ಲಿರುವ ಪ್ರತಿ ಕಾನ್ಫಿಗ್ ಫೈಲಿನ ಚೆಕ್‌ಸಮ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ಇಟ್ಟುಕೊಂಡಿರುತ್ತದೆ. ನಿಮ್ಮ ಫೈಲೂ ಬದಲಾಗಿ, ಪ್ಯಾಕೇಜಿನ ಹೊಸ ಆವೃತ್ತಿಯಲ್ಲಿಯೂ ಅದು ಬದಲಾಗಿದ್ದರೆ ಮಾತ್ರ ನಿಮ್ಮನ್ನು ಕೇಳುತ್ತದೆ. ಸುಮ್ನೆ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಹೊಸದು ಪಕ್ಕದಲ್ಲಿ ‘ಡಿಪಿಕೆಜಿ-ಡಿಸ್ಟ್’ ಅನ್ನುವ ಬಾಲ ಹಚ್ಚಿಕೊಂಡು ಕೂರುತ್ತದೆ.

ಅಂದರೆ, ಒಂದು ಪ್ಯಾಕೇಜಿನ ಸ್ಕ್ರಿಪ್ಟ್ ಇನ್ನೊಂದರ ಫೈಲಿಗೆ ಕೈ ಹಾಕಿದರೆ, ತಲೆನೋವು ನಿಮಗೆ. ಡೆಬಿಯನ್ ಪಾಲಿಸಿ, ಅಂದರೆ ಪ್ಯಾಕೇಜ್ ಮಾಡುವವರ ನಿಯಮಪುಸ್ತಕ, ಇದನ್ನು ನೇರವಾಗಿ ನಿಷೇಧಿಸಿದೆ. ಪಹಣಿ ಯಾರ ಹೆಸರಲ್ಲಿದೆಯೋ ಅವರೇ ಉಳಬೇಕು.

[ಸ್ಕ್ರೀನ್: ಇಟಿಸಿ ಫೋಲ್ಡರ್. ‘ಸರ್ವಿಸಸ್’ ಫೈಲ್ ತೆರೆಯುತ್ತದೆ.]

ಉದಾಹರಣೆಗೆ ಈ ಸರ್ವಿಸಸ್ ಫೈಲ್. ಎಸ್‌ಎಸ್‌ಎಚ್ ಅಂದರೆ 22, ಎಸ್‌ಎಮ್‌ಟಿಪಿ ಅಂದರೆ 25, ಹೀಗೆ ಸೇವೆಯ ಹೆಸರು ಮತ್ತು ಅದರ ಪೋರ್ಟಿನ (ನೆಟ್‌ವರ್ಕ್ ಕರೆ ಬರುವ ಬಾಗಿಲ ಸಂಖ್ಯೆಯ) ಪಟ್ಟಿ. ಇದರ ಒಡೆತನ ‘ನೆಟ್‌ಬೇಸ್’ ಪ್ಯಾಕೇಜಿನದು. ನಿಮ್ಮ ಪ್ಯಾಕೇಜಿಗೆ ಹೊಸ ಸಾಲು ಬೇಕಾ? ನೆಟ್‌ಬೇಸ್ ನೋಡಿಕೊಳ್ಳುವವರನ್ನು ಕೇಳಬೇಕು. ಸ್ಕ್ರಿಪ್ಟಿನಲ್ಲಿ ನೀವೇ ಸೇರಿಸುವಂತಿಲ್ಲ.

ಕಷ್ಟ ಇರುವುದು ಇದರ ಪಕ್ಕದ ಫೈಲಿನಲ್ಲಿ: ಐನೆಟ್‌ಡಿ ಕಾನ್ಫ್. ಯಾವ ಪೋರ್ಟಿಗೆ ಕರೆ ಬಂದರೆ ಯಾವ ಪ್ರೋಗ್ರಾಂ ಎಬ್ಬಿಸಬೇಕು ಅಂತ ಐನೆಟ್‌ಡಿ ಅನ್ನುವ ಕಾವಲು ಪ್ರೋಗ್ರಾಂ ಇಲ್ಲಿ ನೋಡುತ್ತದೆ. ಎಫ್‌ಟಿಪಿ ಸರ್ವರ್ ಬಂದರೂ ಟೆಲ್ನೆಟ್ ಸರ್ವರ್ ಬಂದರೂ ಇಲ್ಲೇ ಸಾಲು ಬೇಕು. ಅದರಲ್ಲೂ ಸಾಲಿನ ಮೊದಲ ಪದ ಸೇವೆಯ ಹೆಸರಾಗಿದ್ದರೆ, ಅದು ಸರ್ವಿಸಸ್ ಫೈಲಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಈ ಸೇವೆ ನನಗೆ ಗೊತ್ತಿಲ್ಲ ಅಂತ ಲಾಗಿನಲ್ಲಿ ಬರೆದು ಕೈಬಿಡುತ್ತದೆ.

ಹೀಗೆ ಹಲವು ಪ್ಯಾಕೇಜ್‌ಗಳು ಒಂದೇ ಫೈಲಿಗೆ ಬರೆಯಬೇಕಾದ್ದರಿಂದ ಡೆಬಿಯನ್ ಒಂದು ಬಾಗಿಲು ಇಟ್ಟಿತು: ‘ಅಪ್‌ಡೇಟ್-ಐನೆಟ್‌ಡಿ’. ಎಲ್ಲ ಪ್ಯಾಕೇಜ್‌ಗಳೂ ಈ ಒಂದೇ ಸ್ಕ್ರಿಪ್ಟ್ ಮೂಲಕ ಬರಬೇಕು.

[ಸ್ಕ್ರೀನ್: ಒಂದು ಸಾಲಿನ ಮುಂದೆ #<ಆಫ್>#, ಇನ್ನೊಂದರ ಮುಂದೆ ಬರೀ #]

ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ಬಹಳ ಇಷ್ಟವಾದ ಭಾಗ ಇದು. ಅಪ್‌ಗ್ರೇಡ್ ಹೊತ್ತಿಗೆ ಹಳೆ ಪ್ರೋಗ್ರಾಂ ತೆಗೆದು ಹೊಸದು ಹಾಕುತ್ತಿರುವಾಗ ಐನೆಟ್‌ಡಿ ಅದನ್ನು ಎಬ್ಬಿಸಬಾರದು. ಹಾಗಾಗಿ ಸ್ಕ್ರಿಪ್ಟ್ ಆ ಸಾಲಿನ ಮುಂದೆ ಆಫ್ ಗುರುತು ಹಾಕಿ ಮಲಗಿಸುತ್ತದೆ. ಕೆಲಸ ಮುಗಿದ ಮೇಲೆ ಆ ಗುರುತು ತೆಗೆಯುತ್ತದೆ. ಆದರೆ ನೀವೇ ಒಂದೇ ಒಂದು ಹ್ಯಾಷ್ ಹಾಕಿ ಸೇವೆ ನಿಲ್ಲಿಸಿದ್ದರೆ? ಅದು ಯಜಮಾನರ ನಿರ್ಧಾರ ಅಂತ ತಿಳಿದು ಮುಟ್ಟುವುದೇ ಇಲ್ಲ. ನೀವು ಬೇಕಂತಲೇ ಮುಚ್ಚಿದ ಟೆಲ್ನೆಟ್, ಅಪ್‌ಗ್ರೇಡ್ ಆದ ಮಾತ್ರಕ್ಕೆ ತೆರೆದುಕೊಳ್ಳುವುದಿಲ್ಲ. ಯಂತ್ರ ಹಾಕಿದ ಗುರುತು ಬೇರೆ, ಮನುಷ್ಯ ಹಾಕಿದ ಗುರುತು ಬೇರೆ.

ಈಗ ಐನೆಟ್‌ಡಿ ಬಳಸುವವರು ಕಡಿಮೆ. ಈಗ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಪ್ರತಿ ಪ್ಯಾಕೇಜೂ ತನ್ನದೇ ಸಾಕೆಟ್ ಫೈಲ್ (ಯಾವ ಪೋರ್ಟಿಗೆ ಕಿವಿಗೊಡಬೇಕು ಅನ್ನುವ ಫೈಲ್) ತರುತ್ತದೆ, ಅದು ಯುಎಸ್‌ಆರ್ ಕೆಳಗೆ ಇರುತ್ತದೆ. ನಿಮ್ಮ ಬದಲಾವಣೆ ಇಟಿಸಿ ಕೆಳಗೆ ಬೇರೆ ಫೈಲಿನಲ್ಲಿ. ಹಂಚಿಕೊಳ್ಳುವ ಫೈಲೇ ಇಲ್ಲ ಅಂದ ಮೇಲೆ ಜಗಳ ಎಲ್ಲಿಂದ ಬರಬೇಕು?

ಜಗಳ ಇನ್ನೂ ಮುಗಿಯದ ಜಾಗ ಒಂದಿದೆ: ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ) ಸರ್ವರ್ ವಿಳಾಸ ಇರುವ ರಿಸಾಲ್ವ್ ಕಾನ್ಫ್. ನೆಟ್‌ವರ್ಕ್ ಮ್ಯಾನೇಜರ್, ಡಿಎಚ್‌ಸಿಪಿ ಕ್ಲೈಂಟ್ (ನೆಟ್‌ವರ್ಕ್‌ನಿಂದ ಐಪಿ ವಿಳಾಸ ಪಡೆಯುವ ಪ್ರೋಗ್ರಾಂ), ವಿಪಿಎನ್, ಎಲ್ಲರಿಗೂ ಅದರಲ್ಲಿ ಬರೆಯಬೇಕು. ಕೊನೆಗೆ ಬರೆದವನದ್ದೇ ಮಾತು. ನೀವು ಕೈಯಾರೆ ಹಾಕಿದ ಸಾಲು ರೀಬೂಟ್ ಆದ ಮೇಲೆ ಮಾಯವಾದರೆ, ಮೊದಲು ಆ ಫೈಲ್ ಬರೀ ಲಿಂಕಾ, ಅಂದರೆ ಬೇರೆ ಫೈಲಿನ ಕಡೆ ಬೆರಳು ತೋರಿಸುವ ಗುರುತಾ, ಅಂತ ನೋಡಿ.

[ಸ್ಕ್ರೀನ್: ಎಲ್‌ಎಸ್ ಕಮಾಂಡಿನ ಫಲಿತಾಂಶ. ಬಾಣದ ಗುರುತು ರನ್ ಫೋಲ್ಡರ್ ಕಡೆಗೆ.]

ಬಾಣ ಸಿಸ್ಟಮ್‌ಡಿ-ರಿಸಾಲ್ವ್ಡ್‌ನ (ಸಿಸ್ಟಮ್‌ಡಿಯ ಡಿಎನ್‌ಎಸ್ ಸೇವೆಯ) ಫೋಲ್ಡರ್ ತೋರಿಸುತ್ತಿದ್ದರೆ, ಒಳಗೆ 127.0.0.53 (ಇದೇ ಯಂತ್ರದೊಳಗಿನ ವಿಳಾಸ) ಅಂತ ಕಂಡರೆ, ಆ ಫೈಲ್ ತಿದ್ದಬೇಡಿ. ರಿಸಾಲ್ವ್ಡ್‌ನ ಸ್ವಂತ ಕಾನ್ಫಿಗ್ ಫೈಲಿನಲ್ಲಿ ಬರೆದು, ಅದನ್ನು ರೀಸ್ಟಾರ್ಟ್ ಮಾಡಿ.