ಸೀಲ್‌ನ ಎದೆಯಲ್ಲೊಂದು ಹುಳ, ಮೈಮೇಲೊಂದು ಹೇನು

(ದೃಶ್ಯ: ರಾತ್ರಿ, ಕಲಬುರಗಿಯ ಒಂದು ಓಣಿ. ಕಟ್ಟೆ ಮೇಲೆ ಕೂತ ಅಜ್ಜಿ. ಬೆರಳ ತುದಿಯಲ್ಲಿ ಒಂದು ಹನಿ ರಕ್ತ.)

ಎಲ್ಲರಿಗೂ ಶರಣು. ರಾತ್ರಿ ಊಟ ಆದ ಮೇಲೆ ಆರೋಗ್ಯ ಇಲಾಖೆಯವರು ಬಂದು ಬೆರಳಿಗೆ ಚುಚ್ಚಿ ರಕ್ತ ತಗೊಂಡು ಹೋಗುವುದು ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಹೊಸದಲ್ಲ. ಹಗಲಲ್ಲಿ ಯಾಕೆ ಬರಲ್ಲ? ಆನೆಕಾಲು ರೋಗದ ಮರಿಹುಳಗಳು ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ಬೆರಳ ತುದಿವರೆಗೆ ಬರುವುದು ರಾತ್ರಿ. ಅವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ.

ಇದೇ ಬಳಗದ ಇನ್ನೊಂದು ಹುಳ ಇದೆ. ಅದರ ಮನೆ ಯುರೋಪಿನ ಉತ್ತರ ಸಮುದ್ರದ ಹಾರ್ಬರ್ ಸೀಲ್ ಎಂಬ ಕಡಲ ಪ್ರಾಣಿಗಳ ಹೃದಯ. ಹೆಸರು ಅಕ್ಯಾಂಥೋಕೀಲೋನೆಮಾ ಸ್ಪೈರೋಕಾಡಾ. ಹೆಸರು ಮರೆತರೂ ಪರವಾಗಿಲ್ಲ. ಹೃದಯದ ಬಲಭಾಗದಲ್ಲಿ, ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ನೂಲಿನಂಥ ಹುಳಗಳು ಸುತ್ತಿಕೊಂಡಿರುತ್ತವೆ. ಅವುಗಳ ಮರಿಗಳು ರಕ್ತದ ಜೊತೆ ಮೈಯೆಲ್ಲ ತಿರುಗುತ್ತವೆ.

ಸರಿ, ಒಂದು ಸೀಲ್‌ನಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ನಡುಸಮುದ್ರದಲ್ಲಿ ಸೊಳ್ಳೆ ಎಲ್ಲಿಂದ ಬರಬೇಕು?

(ದೃಶ್ಯ: ಸೀಲ್‌ನ ಕೂದಲು, ತೀರಾ ಹತ್ತಿರದಿಂದ.)

ಆ ಕೆಲಸ ಮಾಡುವುದು ಹೇನು! ನಮ್ಮ ತಲೆ ಹೇನಿನ ದೂರದ ನೆಂಟ. ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿದಾಗ ಉಗುರಿನ ಮೇಲೆ ಬೀಳುತ್ತಲ್ಲ, ಅದನ್ನೇ ನೆನೆಸಿಕೊಳ್ಳಿ. ಸೀಲ್‌ನ ಹೇನಿಗೆ ಮೈತುಂಬ ಮುಳ್ಳು. ಕಾಲ ತುದಿಯ ಕೊಕ್ಕೆಗಳಿಂದ ಕೂದಲನ್ನು ಎಂಥ ಬಿಗಿಯಾಗಿ ಹಿಡಿಯುತ್ತದೆ ಅಂದರೆ, ಸೀಲ್ ಎಷ್ಟು ಈಜಿದರೂ ಬಿಡುವುದಿಲ್ಲ. ಎಲಿಫೆಂಟ್ ಸೀಲ್ ಎಂಬ ಇನ್ನೊಂದು ಜಾತಿಯ ಸೀಲ್‌ನ ಹೇನುಗಳನ್ನು ವಿಜ್ಞಾನಿಗಳು 2000 ಮೀಟರ್ ಆಳದಲ್ಲಿರುವಷ್ಟು ಒತ್ತಡಕ್ಕೆ ಒಡ್ಡಿ ನೋಡಿದರು. ಅಷ್ಟಾದರೂ ಹೆಚ್ಚಿನವು ಬದುಕಿ ಉಳಿದವು. ನನಗಂತೂ ಇದನ್ನು ಓದಿ ಮೈ ಜುಂ ಅಂತು. (ತಿಮಿಂಗಿಲದ ಹೇನು ಅಂತ ಕೇಳಿರಬಹುದು. ಅದು ಹೇನೂ ಅಲ್ಲ, ಕೀಟವೂ ಅಲ್ಲ. ಸೀಗಡಿಯ ಕಡೆಯದು, ರಕ್ತ ಕುಡಿಯುವುದಿಲ್ಲ.)

ಹೇನು ರಕ್ತ ಹೀರಿದಾಗ ಮರಿಹುಳವೂ ಅದರ ಹೊಟ್ಟೆಗೆ ಹೋಗುತ್ತದೆ. ಸುಮ್ನೆ ಬಸ್ಸಿನಲ್ಲಿ ಕೂತ ಹಾಗೆ ಕೂತಿರುವುದಿಲ್ಲ. ಹೇನಿನ ಮೈಯೊಳಗೇ ಪೊರೆ ಕಳಚಿ ಬೆಳೆಯುತ್ತದೆ. ಹಾಗೆ ಬೆಳೆದ ಹುಳಕ್ಕೆ ಮಾತ್ರ ಇನ್ನೊಂದು ಸೀಲ್‌ನೊಳಗೆ ನೆಲೆಸುವ ಶಕ್ತಿ. ಸೀಲ್‌ಗಳು ದಡಕ್ಕೆ ಬಂದು ಗುಂಪಾಗಿ ಮಲಗುತ್ತವೆ. ತಾಯಿ ಮರಿಗೆ ಹಾಲು ಕೊಡುತ್ತದೆ. ಮೈಗೆ ಮೈ ತಾಗಿದಾಗಲೇ ಹೇನು ದಾಟುವುದು. ಪಾಪ, ಹಾಲು ಕುಡಿಯುವ ಹೊತ್ತಲ್ಲೇ ಮರಿಗೆ ಹೇನು ಅಂಟುತ್ತದೆ, ಹೇನಿನ ಜೊತೆ ಹುಳವೂ ಬರಬಹುದು.

ರಕ್ತ ಹೀರುವ ಕೀಟದೊಳಗೆ ಹುಳ ಬೆಳೆಯುತ್ತದೆ ಅನ್ನುವುದು ಮೊದಲು ತಿಳಿದದ್ದು ಆನೆಕಾಲಿನ ಹುಳದಿಂದಲೇ. 1877ರಲ್ಲಿ, ಚೀನಾದ ಅಮೋಯ್‌ನಲ್ಲಿ. ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ, ಹುಳ ಇದ್ದ ತನ್ನ ಕೆಲಸಗಾರನಿಗೆ ರಾತ್ರಿ ಸೊಳ್ಳೆ ಕಚ್ಚಿಸಿ, ಆ ಸೊಳ್ಳೆಗಳನ್ನು ಸೀಳಿ ನೋಡಿದ. ಒಳಗೆ ಹುಳಗಳು ಬೆಳೆಯುತ್ತಿದ್ದವು.

(ದೃಶ್ಯ: ಮತ್ತೆ ಅದೇ ಓಣಿ. ಅಂಗೈಯಲ್ಲಿ ಮಾತ್ರೆಗಳು.)

ನಮ್ಮ ಕಡೆ ಆನೆಕಾಲಿನ ಮಾತ್ರೆ ಕೊಡಲು ಬಂದಾಗ ಇಸ್ಕೊಂಡು ಗೂಡಿನಲ್ಲಿ ಇಡುವವರನ್ನು ನೋಡಿದ್ದೇನೆ. "ನನ್ನ ಕಾಲು ಚೆನ್ನಾಗೇ ಅದ, ನನಗ್ಯಾಕ ಮಾತ್ರೆ?" ಅನ್ನುತ್ತಾರೆ. ಕಾಲು ಬಾತಿರದೆ ಇದ್ದರೂ ರಕ್ತದಲ್ಲಿ ಮರಿಹುಳ ಇರಬಹುದು, ಅದಕ್ಕೇ ಅಕ್ಕ. ಬಸುರಿಯರು, ಎರಡು ವರ್ಷದೊಳಗಿನ ಮಕ್ಕಳು, ಜಾಸ್ತಿ ಕಾಯಿಲೆ ಇರುವವರು ಬೇಡ. ಉಳಿದವರು ಮಾತ್ರೆ ಕೊಡುವವರ ಎದುರೇ ನುಂಗಿಬಿಡಿ. ಮಾತ್ರೆ ಆ ಮರಿಗಳನ್ನು ಕೊಲ್ಲುತ್ತದೆ. ಆಮೇಲೆ ಗಟಾರದ ಸೊಳ್ಳೆ ಕಚ್ಚಿದರೆ ಅದಕ್ಕೆ ರಕ್ತವಷ್ಟೇ ಸಿಗುತ್ತದೆ, ಪಕ್ಕದ ಮನೆಗೆ ಒಯ್ಯಲು ಹುಳ ಸಿಗುವುದಿಲ್ಲ.